ಹರಿಯದ ಟಿಕೇಟು

ಮಂಗಳವಾರ. ಲಿಸ್ಬನ್ನಿನ ಗುಡ್ಡದ ಮೇಲೆ ಹಳೇ ಸಾಮಾನಿನ ಸಂತೆ.
ಹಿಡಿ ಮುರಿದ ಕಾಫಿಗಿಂಡಿ, ಯಾರದೋ ಹಲ್ಲುಸೆಟ್ಟು,
ಒಂಟಿ ಬೂಟು, ಎಲ್ಲ ದಾಟಿ
ನಾನು ಕುಕ್ಕರಿಸುವುದು ಬಿಸ್ಕತ್ತಿನ ಡಬ್ಬಿಗಳ ಮುಂದೆ.
ಕಾಗದ ಇರುವುದು ಅವುಗಳಲ್ಲಿ.

ಮನೆಯಲ್ಲಿ ನಾಲ್ಕು ಸಾವಿರ ಚಿಲ್ಲರೆ ಇವೆ.
ಗೂಳಿಕಾಳಗದವು: ಬಿಸಿಲ ಕಡೆ ಅಗ್ಗ, ನೆರಳ ಕಡೆ ದುಬಾರಿ,
ನೆರಳಿಗೂ ರೇಟು ಹಾಕಿದ ಊರು ಇದು.
ಸೈಕಲ್ ರೇಸಿನವು, ಸರ್ಕಸ್ಸಿನವು,
ಬ್ಯಾಂಡಿನವರಿಗೆ ತುತ್ತೂರಿ ಕೊಳ್ಳಲೆಂದು ಆಡಿದ ನಾಟಕದ್ದೊಂದು.
ಎಲ್ಲಕ್ಕೂ ಒಂದೊಂದು ಮೂಲೆಯಿಲ್ಲ.
ಬಾಗಿಲಲ್ಲಿ ನಿಂತವನ ಹೆಬ್ಬೆರಳು ತಿಂದಿದೆ.

ನಮ್ಮವರ ಲೆಕ್ಕ ಉಲ್ಟಾ:
ಹರಿದದ್ದಕ್ಕೆ ಮೂರು ಯೂರೋ,
ಹರಿಯದ್ದಕ್ಕೆ ಹನ್ನೆರಡು.

ಡಿಯೊಲಿಂಡಾ ಎಂಬಾಕೆ, ಎಂಬತ್ತು ದಾಟಿದವಳು,
ಕೈಚೀಲದಿಂದ ತೆಗೆದು ಮೊಣಕಾಲ ಮೇಲಿಟ್ಟಳು.
ಬರೇರುವಿನ ಕಾರ್ಮಿಕ ಸಂಘ, ಕಾರ್ನಿವಲ್ ಕುಣಿತ,
ಅರವತ್ತಮೂರನೇ ಇಸವಿ, ಫೆಬ್ರವರಿ ಇಪ್ಪತ್ತಮೂರು, ಶನಿವಾರ.
ಗಂಡಸರಿಗೆ ಐದು ಎಸ್ಕುಡೊ, ಹೆಂಗಸರಿಗೆ ಎರಡೂವರೆ.
ಕೆಳಗೆ ಸರ್ಕಾರದ ನೇರಳೆ ಮೊಹರು: ಕುಣಿಯಬಹುದು.
ನಂಬರು ನೂರ ಹದಿನೇಳು.
ನಾಲ್ಕು ಮೂಲೆಯೂ ಇದ್ದವು.

"ಇಷ್ಟು ಚೆನ್ನಾಗಿ ಹೇಗೆ ಉಳಿಯಿತು?"
"ಅವನು ಬರಲಿಲ್ಲ, ಅದಕ್ಕೆ."

ಎರಡೂ ಅವನೇ ಕೊಂಡು ಇವಳ ಕೈಗಿಟ್ಟಿದ್ದನಂತೆ,
ತಾನು ಕಳೆಯುವವನು, ನೀನು ಜೋಪಾನದವಳು ಎಂದು.
ಗಿನಿಗೆ ಸೈನಿಕರ ಹಡಗು ಗುರುವಾರವೇ ಹೊರಟಿತು.

ಸತ್ತನೇ ಎಂದು ಕೇಳಲು ಬಾಯಿ ತೆರೆದೆ.
"ಬಂದ. ಎರಡು ವರ್ಷಕ್ಕೆ. ಮದುವೆಯಾಯಿತು.
ಕಾರ್ಕು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಎರ್ಮಿನಿಯು.
ಪ್ರತಿ ಕಾರ್ನಿವಲ್ಲಿಗೂ ಕೇಳುತ್ತಿದ್ದ,
ಆ ರಾತ್ರಿ ಏನು ಮಾಡಿದೆ ನೀನು?
ಅಂಗಿಗೆ ಗುಂಡಿ ಹಾಕುತ್ತಿದ್ದೆ ಅನ್ನುತ್ತಿದ್ದೆ."

ಚೀಲದ ಜಿಪ್ಪು ಎಳೆದಳು.

"ಕುಣಿದೆ. ಎರಡು ಗಂಟೆಯವರೆಗೆ.
ತುತ್ತೂರಿಯವನ ಜೊತೆ ಮೂರು ಸಲ, ಅವನ ಹೆಸರೂ ಗೊತ್ತಿಲ್ಲ.
ಬಾಗಿಲಲ್ಲಿ ಹರಿದ ನನ್ನ ಟಿಕೇಟನ್ನು
ಬೆಳಗಾಗುವ ಮುಂಚೆ ತೇಜು ನದಿಗೆ ಹಾಕಿದೆ.
ಅದಕ್ಕೆ ಹರಿಯುವುದು ಗೊತ್ತು.
ಇದು ಉಳಿಯಿತು, ಸಾಕ್ಷಿ ಹೇಳುವ ಮುಖ ಮಾಡಿಕೊಂಡು.
ಕಳೆದ ಚಳಿಗಾಲ ಅವನು ಹೋದ. ಈಗ ಮಾರಬಹುದು."

ಹದಿನೈದು ಕೊಟ್ಟೆ.
ಎಣಿಸಿ ಮೂರು ಹಿಂದಕ್ಕಿಟ್ಟಳು.
ಕರುಣೆಗೆ ಚಿಲ್ಲರೆ ಇತ್ತು ಅವಳ ಬಳಿ.

ರಾತ್ರಿ ಖಾತೆ ಪುಸ್ತಕದಲ್ಲಿ ಬರೆದೆ:
ನೂರ ಹದಿನೇಳು. ಹರಿದಿಲ್ಲ. ಸ್ಥಿತಿ ಉತ್ತಮ.
ಹಿಂಬದಿಯಲ್ಲಿ ಪೆನ್ಸಿಲು: ಸಾಬೂನು, ಕಡಲೆ, ಬಿಳಿ ದಾರ.

ಆಮೇಲೆ, ರೂಢಿಯಿಲ್ಲದಿದ್ದರೂ, ಇನ್ನೊಂದು ಸಾಲು:
ನೂರ ಹದಿನೆಂಟು. ಹರಿದದ್ದು. ನನ್ನಲ್ಲಿಲ್ಲ.
ಬೆಲೆಯ ಕಲಮು ಹಾಗೇ ಬಿಟ್ಟಿದ್ದೇನೆ.