ಕಾಲು ಅಲೆ

ಕತ್ತರಿಸಿದ್ದು ನಾನೇ.
ನೇಲ್ ಕಟರಿನಲ್ಲಿ, ಒಂದು ಗೇಣು.
ಬಾಲದಾಚೆ ಬಿಳಿ ವೈರು ನೇತಾಡುತ್ತಿತ್ತು
ಲುಂಗಿಯಂಚಿನ ಬಿಚ್ಚಿದ ದಾರದ ಹಾಗೆ.
ನೋಡಲು ಚೆನ್ನಾಗಿರಲಿಲ್ಲ. ಅಷ್ಟೇ ಕಾರಣ.

ವಿಮಾನ ನನ್ನದಲ್ಲ, ಇಮ್ತಿಯಾಜನದು.
ಟೀವಿ ಡಬ್ಬದ ಥರ್ಮೊಕೋಲು, ಬಿದಿರು ಕಡ್ಡಿ,
ರೆಕ್ಕೆಗೆ ಕಂದು ಟೇಪು.
ಒಳಗಿನ ರಿಸೀವರಿಗೆ ಮಾತ್ರ
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ಎರಡು ವರ್ಷ
ಮಿಕ್ಸಿ ಬಿಚ್ಚಿ ಮಿಕ್ಸಿ ಕಟ್ಟಿ ಉಳಿಸಿದ ದುಡ್ಡು.
ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ,
ಅದರಿಂದ ಹೊರಟ ಒಂದೇ ಒಂದು ಎಳೆ.

ಅಂಗಡಿಯಲ್ಲಿ ಎಲ್ಲ ಸರಿಯಿತ್ತು.
ಕಡ್ಡಿ ಎಡಕ್ಕೆ ದೂಡಿದರೆ ಚುಕ್ಕಾಣಿ ಎಡಕ್ಕೆ.
ಹತ್ತಿರವಿದ್ದಾಗ ಯಾರು ತಾನೇ ಮಾತು ಕೇಳುವುದಿಲ್ಲ?

ಭಾನುವಾರ, ಬೂವನಹಳ್ಳಿ ಕಡೆಯ ಬಯಲು.
ಏರಿತು. ತಿರುಗು ಅಂದ, ತಿರುಗಿತು.
ಹುಣಸೆಮರ ದಾಟಿದ ಮೇಲೆ
ತಿರುಗು ಅಂದ.
ತಿರುಗು.
ಅದು ತನ್ನ ಪಾಡಿಗೆ ತಾನು
ಆಲೂಗಡ್ಡೆ ಹೊಲಗಳ ಮೇಲೆ ಸಣ್ಣದಾಗುತ್ತ ಹೋಯಿತು.

ಸಂಜೆ ಸೆರಗಿನಲ್ಲಿ ಸುತ್ತಿಕೊಂಡು ಬಂದಳು ಹೊಲದಾಕೆ:
'ನಿಮ್ದೇನ್ರಪ್ಪ ಇದು? ನಮ್ಮೆಮ್ಮೆ ಹಗ್ಗ ಕಿತ್ಕೊಂಡು ಓಡೋಯ್ತು.'

ಇಮ್ತಿಯಾಜ್ ಮೊದಲು ಬ್ಯಾಟರಿಗೆ ಬೈದ.
ಆಮೇಲೆ ಗಾಳಿಗೆ. ಕೊನೆಗೆ
ಸಾಲಗಾಮೆ ರಸ್ತೆಯ ದೊಡ್ಡ ತಟ್ಟೆಗಳಿಗೆ.
ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿನ ಉಪಗ್ರಹದ ಜೊತೆ
ಹಗಲೂ ರಾತ್ರಿ ಮಾತಾಡುತ್ತವಲ್ಲ,
ಅವೇ ಕಣೋ, ಅವೇ ನಮ್ಮ ಮಾತು ನುಂಗಿದ್ದು.
ಒಂದು ಅರ್ಜಿ ಹಾಕೋಣ ಅಂದ.
ನಾನೇ ಬರೆದುಕೊಟ್ಟೆ, 'ಮಾನ್ಯರೇ' ಎಂದು ಶುರುಮಾಡಿ,
ಒಳ್ಳೆಯ ಅಕ್ಷರದಲ್ಲಿ.
ಉತ್ತರ ಬರಲಿಲ್ಲ. ಬರಬಾರದೆಂದೇ ಕಾದೆ.

ನಾನು ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರು.
ಬೋರ್ಡು ಒರೆಸುವವನು ಕೇಳಬಾರದೇನೂ ಇಲ್ಲ.
ವಸುಮತಿ ಮೇಡಂ ಸೀಮೆಸುಣ್ಣದಲ್ಲಿ ಅಲೆ ಎಳೆದರು:
'ಇದರ ಉದ್ದ ನಾಲ್ಕು ಮೀಟರ್ ಚಿಲ್ಲರೆ.
ಪೂರ್ತಿ ಬೇಕಿಲ್ಲ. ಕಾಲು ಇದ್ದರೆ ನಿಲ್ಲುತ್ತೆ.'
ಯಾವ ಕಾಲು ಅಂತ ನಾನು ಕೇಳಲಿಲ್ಲ.
ಒಂದು ಗೇಣು ಕಡಿದರೆ
ಅಲೆ ಬರುತ್ತದಂತೆ, ಬಾಗಿಲ ತನಕ ಬರುತ್ತದಂತೆ,
ಒಳಗೆ ಕಾಲಿಡಲು ಜಾಗ ಸಾಲದು.

ಅಳತೆಪಟ್ಟಿ ಸಿಗದೆ ಹೊಸ ವೈರನ್ನು
ಹೂವಿನ ದೊಡ್ಡತಾಯಮ್ಮನ ಮುಂದೆ ಹಿಡಿದೆ.
ಮೊಣಕೈಯಿಂದ ಬೆರಳ ತುದಿಗೆ, ಎರಡು ಸಲ,
ಮೇಲೆ ನಾಲ್ಕು ಬೆರಳು. ಸರಿಯಾಗಿ ಒಂದು ಮೀಟರ್.
'ಮೊಳದಾಗೆ ನಾಕ್ ಬೆಳ್ಳು ಕದ್ರೆ
ದ್ಯಾವ್ರು ಸುಮ್ನಿರ್ತಾನೆ ಕಣಪ್ಪ,
ಕೊಂಡೋಳು ಸುಮ್ನಿರಲ್ಲ' ಅಂದಳು,
ಕನಕಾಂಬರದ ನಡುವೆ ವೈರು ಸುರುಳಿ ಸುತ್ತಿಕೊಡುತ್ತ.

ಅವನು ಊಟಕ್ಕೆ ಹೋದಾಗ ಬೆಸೆದೆ.
ಅಳತೆ ನೋಡಿಕೊಂಡು, ನನ್ನ ಮೊಂಡಿಗೇ
ಬೇಕಾದಷ್ಟು ಸೇರಿಸಿ, ಗಂಟಿನ ಮೇಲೆ ಕಪ್ಪು ಕೊಳವೆ ಜಾರಿಸಿದೆ.
ವಾಪಸು ಬಂದವನು ವಿಮಾನ ಕೈಗೆತ್ತಿಕೊಂಡ.
ಹೆಬ್ಬೆರಳು ಎಳೆಯುದ್ದಕ್ಕೂ ಹೋಗಿ
ಗಂಟಿನ ಹತ್ತಿರ ಒಂದು ಕ್ಷಣ ನಿಂತು
ಮುಂದೆ ಹೋಯಿತು.
'ಈ ಸಲ ಹೆಜ್ಜೆ ಹಾಕಿ ನೋಡೋಣ' ಅಂದ, ಅಷ್ಟೇ.

ಅದೇ ಬಯಲು. ಕೊಯ್ದ ಹೊಲದ ಮೇಲೆ ಬೆಳಗಿನ ಮಂಜು.
ಟ್ರಾನ್ಸ್‌ಮಿಟರಿನ ಏರಿಯಲ್ಲು ಪೂರ್ತಿ ಮಡಿಚಿ
ನಾನು ಹಿಂದೆ ಹಿಂದೆ ನಡೆಯಬೇಕು,
ಅವನು ವಿಮಾನ ಹಿಡಿದು ನಿಲ್ಲಬೇಕು,
ಚುಕ್ಕಾಣಿ ಅಲ್ಲಾಡಿದರೆ ಕೂಗಬೇಕು.
ಹತ್ತು ಹೆಜ್ಜೆ. 'ಬಂತು!'
ಇಪ್ಪತ್ತು. 'ಬಂತು!'
ಮೂವತ್ತು. ಹುಣಸೆಮರ ಬೆನ್ನಿಗೆ ತಾಗುವಷ್ಟು ಹತ್ತಿರ.
ಅವನ ಮುಖ ಕಾಣುತ್ತಿರಲಿಲ್ಲ, ಸ್ವೆಟರಿನ ಕೆಂಪು ಮಾತ್ರ.

ಅಲ್ಲಿ ನಿಂತು,
ಮಾತಾಡುವಷ್ಟೇ ದನಿಯಲ್ಲಿ, ಕೂಗದೆ,
'ಕತ್ತರಿಸಿದ್ದು ನಾನೇ ಕಣೋ' ಅಂದೆ.
ಕಡ್ಡಿಯನ್ನು ಎಡಕ್ಕೆ ದೂಡಿದ್ದೆನೋ ಇಲ್ಲವೋ
ಈಗ ನೆನಪಿಲ್ಲ.

ಮಂಜಿನಾಚೆಯಿಂದ ಕೂಗಿದ:
'ಬಂತು!'