ಮೆಟ್ಲು ಇದೆ

ಕೈ ನಡುಗುತ್ತಾ ಎಂದು ಕೇಳಿದರು ಮೊದಲು.
ಇಲ್ಲ ಡಾಕ್ಟ್ರೇ, ನಡುಕ ಇಲ್ಲ.
ಬೀಳ್ತಾರೆ. ಹಿಂದಕ್ಕೆ.
ಗೋಡೆಗೊರಗಿಸಿದ ಚಾಪೆ ಬಿದ್ದ ಹಾಗೆ.

ಮೂವತ್ತೊಂದು ವರ್ಷ ಹೊಸನಗರದ ಬಸ್ಸಿನಲ್ಲಿ
ಕಂಬಿ ಹಿಡಿಯದೆ ನಿಂತ ಕಂಡಕ್ಟರ್ ತೀರ್ಥಪ್ಪ,
ತಿರುವಿನಲ್ಲೂ ಚಿಲ್ಲರೆ ಎಣಿಸುತ್ತಿದ್ದ ನನ್ನಪ್ಪ,
ಬಚ್ಚಲಿಗೆ ಹೋಗುವ ನಾಲ್ಕು ಹೆಜ್ಜೆಯಲ್ಲಿ
ಈ ವಾರ ಮೂರನೇ ಸಲ.

ದುರ್ಗಿಗುಡಿಯಲ್ಲಿ ಕನ್ನಡಕ ಬದಲಾಯಿತು.
ನೆಹರೂ ರಸ್ತೆಯವರು ಕುತ್ತಿಗೆ ಮೂಳೆ ಅಂದರು.
ಆಮೇಲೆ ಮಾತ್ರೆ: ಅರ್ಧ, ಒಂದು, ಒಂದೂವರೆ,
ಊಟಕ್ಕೆ ಮುಂಚೆ, ಊಟ ಆದಮೇಲೆ.
ಏನೂ ಆಗಲಿಲ್ಲ.
ಆಗದಿರುವುದೂ ಒಂದು ಗುರುತಂತೆ.

"ಕೆಳಗೆ ನೋಡಿ ಅಜ್ಜ" ಅಂದರು ಮಣಿಪಾಲದಲ್ಲಿ
ಪೆನ್ನು ಇಳಿಸುತ್ತಾ.
ಪೆನ್ನು ಇಳಿಯಿತು. ಕಣ್ಣು ಅಲ್ಲೇ ನಿಂತಿತು,
ಡಾಕ್ಟರ್ ತಲೆಯಾಚೆಯ ಕ್ಯಾಲೆಂಡರಿನ ಮೇಲೆ.
ಪಾರ್ಕಿನ್ಸನ್ ಹಾಗೇ ಇದೆ, ಪಾರ್ಕಿನ್ಸನ್ ಅಲ್ಲ.
ಹೆಸರು ಬರೆದುಕೊಟ್ಟರು, ಉದ್ದ ಹೆಸರು.
ಮದ್ದು ಕೇಳಿದೆ.
ಚಪ್ಪಲಿ ಬದಲಾಯಿಸಿ ಅಂದರು,
ನೀರನ್ನು ಗಟ್ಟಿ ಮಾಡಿ ಕುಡಿಸಿ ಅಂದರು.

ಹೆಸರು ಸಿಕ್ಕಿತೆಂಬ ಖುಷಿಗೆ ಆಗುಂಬೆಯಲ್ಲಿ ಟೀ ಕುಡಿದೆವು.
ಖುಷಿ ಪಟ್ಟದ್ದಕ್ಕೆ
ತೀರ್ಥಹಳ್ಳಿ ತನಕ ನಾನು ಮಾತಾಡಲಿಲ್ಲ.

ಈಗ ತಟ್ಟೆ ಅವರ ಕಣ್ಣಿನ ಎತ್ತರಕ್ಕೆ:
ಸ್ಟೂಲು, ಅದರ ಮೇಲೆ ಹಳೇ ಟಿಕೆಟ್ ಪೆಟ್ಟಿಗೆ,
ಅದರ ಮೇಲೆ ಅನ್ನ.
ಎಷ್ಟೋ ತಿಂಗಳ ಮೇಲೆ ಸಾರಿನೊಳಗಿನ ಮೀನು ಕಂಡಿತು.

ಹೊಸ್ತಿಲಲ್ಲಿ ಅವರ ಬೆಲ್ಟು ಹಿಡಿದು
"ಮೆಟ್ಲು ಇದೆ, ನೋಡ್ಕೊಂಡು" ಅಂದೆ,
ಊರೂರಿನ ಜನಕ್ಕೆ ಅವರು ಅಂದದ್ದು.
ನೋಡಲಾಗದವರು ನೇರ ರಸ್ತೆಯನ್ನೇ ನೋಡುತ್ತಾ
ತಡೆದು, ತಡೆದು
"ರೈಟ್" ಅಂದರು.
ನಾನಿನ್ನೂ ಹೆಜ್ಜೆ ಇಟ್ಟಿರಲಿಲ್ಲ.