ಹಿಂದಕ್ಕೆ ಕಳಿಸುವ ಗುಂಡಿ

ಬ್ರೆಮರ್‌ಹಾಫೆನ್, ಎಂಬತ್ತೆಂಟರ ನವೆಂಬರ್.
ಅಡುಗೆಮನೆಯ ಮೇಜಿನ ಮೇಲೆ ಅಮಿಗಾ,
ಪಕ್ಕದಲ್ಲಿ ತಣಿದ ಚಹಾ, ಎರಡು ಫ್ಲಾಪಿ.
ಅರ್ಧ ಮೆಗಾಬೈಟಿನ ಹಾಸಿಗೆಯಲ್ಲಿ
ವೀಬ್ಕೆ ಚಾಚಿದ್ದು ಐದು ಕಾಲು.

ಬಂದರು ಕಚೇರಿಗೆ ಉಬ್ಬರವಿಳಿತದ ಪಟ್ಟಿ,
ಅದರ ಮೇಲೆ ಕ್ಯಾಲ್ಕುಲೇಟರ್,
ಅದರ ಹೆಗಲೇರಿ ಮಗ ಬಿಡಿಸಿಟ್ಟ ಹಸಿರು ಕುದುರೆ,
ಮೂಲೆಯಲ್ಲಿ ಗಡಿಯಾರ, ಅರ್ಧ ಮುಖ ಮರೆ.
ಒಂದನ್ನೆಳೆದರೆ ಇನ್ನೊಂದರ ಸೆರಗು ಸಿಕ್ಕುತ್ತದೆ.

ಮೇಲಂಚಿನಲ್ಲಿ ಪುಟ್ಟ ಗುಂಡಿ,
ಒತ್ತಿದರೆ ಮುಂದಿನದು ಹಿಂದಕ್ಕೆ.
ಕುದುರೆ ಹೋಯಿತು. ಲೆಕ್ಕ ಹೋಯಿತು.
ಪಟ್ಟಿಯೂ ಸರಿದು,
ಎಲ್ಲದರ ಅಡಿಯಲ್ಲಿ
ಬೆಳಿಗ್ಗೆ ತೆರೆದು ಮರೆತ ಬಿಳಿ ಕಿಟಕಿ:
‘ಗೆಸಾ, ನೀನು ಹೇಳಿದ್ದು ಸುಳ್ಳಲ್ಲ, ಆದರೆ’
ಇಷ್ಟು ಹೊತ್ತೂ ಅಲ್ಲೇ
ಕಾದು ಕೂತಿತ್ತು ಕರ್ಸರ್.

ಮುದ್ರಿಸಲು ಜಾಗ ಸಾಲದು, ಏನಾದರೊಂದು ಮುಚ್ಚು
ಎನ್ನುತ್ತದೆ ಯಂತ್ರ.
ಕುದುರೆಯನ್ನು ಸೇವ್ ಮಾಡಿಲ್ಲ, ಹೋದರೆ ಮಗ ಅಳುತ್ತಾನೆ.
ಪಟ್ಟಿ ನಾಳಿನ ಹಡಗುಗಳಿಗೆ ಬೇಕು.
‘ಆದರೆ’ಯ ಮೇಲೆ ಬಾಣ ನಿಂತಿತು, ಕೊಂಚ ಹೊತ್ತು.
ಆಮೇಲೆ ಗಡಿಯಾರವನ್ನು ಮುಚ್ಚಿದಳು.

ಪ್ರಿಂಟರು ಕಿರ್ರೆಂದು ಉಬ್ಬರ ಇಳಿತ ಉಬ್ಬರ ಎನ್ನತೊಡಗಿತು.
ಗೋಡೆಯ ಕಿಟಕಿಗೆ ಹಬೆ ಹಿಡಿದಿತ್ತು;
ತೋಳಿನಿಂದ ಒರೆಸಿದಳು.
ಆಚೆ ಒಂದೇ ಒಂದು ಕ್ರೇನು,
ಯಾವುದರ ಹಿಂದೆಯೂ ಇಲ್ಲದೆ.